ಲಗ್ನಪತ್ರಿಕೆ ಮಾಡುವವಳು ಎಚ್‌ಟಿಎಂಎಲ್ ಕಲಿಯಬೇಕೇ, ಎಳೆದು ಕೂರಿಸುವ ತಂತ್ರಾಂಶವೇ ಸಾಕೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ, ಚುನಾವಣೆ ಬಂದರೆ ಬ್ಯಾನರು. ಪುಟ ಕಟ್ಟುವ ಪೇಜ್‌ಮೇಕರ್, ಚಿತ್ರ ಬಿಡಿಸುವ ಕೋರಲ್‌ಡ್ರಾ ಎರಡೂ ಕೈಗೆ ಚೆನ್ನಾಗಿ ಕೂತಿವೆ. ಈಗ ನಮ್ಮ ಕಡೆಯ ಸಹಕಾರ ಸಂಘವೊಂದು ಜಾಲತಾಣ ಮಾಡಿಕೊಡಿ ಎಂದು ಬೆನ್ನು ಬಿದ್ದಿದೆ. ಸಂಘದ ಪರಿಚಯ, ಸಾಲದ ವಿವರ, ಮುಖ್ಯವಾಗಿ ದಿನದ ಅಡಿಕೆ ಧಾರಣೆ ಅದರಲ್ಲಿ ಇರಬೇಕು.

ಚಿತ್ರ, ಬರಹ ಎಲ್ಲವನ್ನೂ ಎಳೆದು ತಂದು ಕೂರಿಸುವ ತಂತ್ರಾಂಶವೊಂದರಲ್ಲಿ (ಹೆಸರು ಬೇಡ) ಶುರು ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಲಕ್ಷಣವಾಗಿ ಕಾಣುತ್ತದೆ. ಅಧ್ಯಕ್ಷರ ಮೊಬೈಲಿನಲ್ಲಿ ತೆರೆದರೆ ‘ಕೃಷಿ ಉತ್ಪನ್ನ ಮಾರಾಟ’ ಎಂಬ ಶೀರ್ಷಿಕೆಯಲ್ಲಿ ಪ ಒತ್ತೂ ನ ಒತ್ತೂ ಅರ್ಧಕ್ಕೆ ಕತ್ತರಿಸಿಹೋಗಿವೆ. ಅಕ್ಷರ ಚಿಕ್ಕದು ಮಾಡಿದರೆ ಒತ್ತೂ ಚಿಕ್ಕದಾಗಿ ಕತ್ತರಿಸುತ್ತದೆ, ಅಷ್ಟೇ ವ್ಯತ್ಯಾಸ. ಸಂಘದವರು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಕೊಟ್ಟ ಹಳೆಯ ವರದಿಯನ್ನು ಅಂಟಿಸಿದರೆ ತಲೆಬುಡವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ.

ಐವತ್ತು ದಾಟಿದ ಮೇಲೆ ಎಚ್‌ಟಿಎಂಎಲ್ (ಜಾಲಪುಟ ಬರೆಯುವ ಸಂಕೇತ ಭಾಷೆ), ಸಿಎಸ್‌ಎಸ್ (ಪುಟ ಕಾಣುವ ರೂಪವನ್ನು ಹೇಳುವುದು) ಎಂದು ಕೂರುವುದು ಬೇಕೇ? ಇನ್ನೊಂದು ತಂತ್ರಾಂಶ ಹಿಡಿದರೆ ಸಾಕೇ? ‘ಅಮ್ಮಾ, ಕೋಡನ್ನು ಎಐ ಬರೆಯುತ್ತದೆ, ನೀನೇಕೆ ತಲೆ ಕೆಡಿಸಿಕೊಳ್ಳುತ್ತೀಯ?’ ಎನ್ನುತ್ತಾನೆ ಎಂಜಿನಿಯರಿಂಗ್ ಓದುವ ಮಗ.

ಅಚ್ಚುಮೊಳೆ:

ಮೇಡಂ, ನಾನೂ ಡಿಟಿಪಿಯಿಂದಲೇ ಈ ಕಡೆ ಬಂದವನು. ನೀವು ಯಾವ ತಂತ್ರಾಂಶಕ್ಕೆ ಹೋದರೂ ಆ ಒತ್ತಿನ ಕಾಟ ಜೊತೆಗೇ ಬರುತ್ತದೆ. ಅವುಗಳ ಮಾದರಿ ಪುಟಗಳನ್ನು ಇಂಗ್ಲಿಷ್ ಅಕ್ಷರ ಕಣ್ಣ ಮುಂದಿಟ್ಟುಕೊಂಡು ಕಟ್ಟಿರುತ್ತಾರೆ. ದೊಡ್ಡ ಶೀರ್ಷಿಕೆಗೆ ಸಾಲಿನ ಎತ್ತರ 1 ಅಥವಾ 1.1 ಇಟ್ಟರೆ ಇಂಗ್ಲಿಷಿಗೆ ಧಾರಾಳವಾಯಿತು. ನಮ್ಮಲ್ಲಿ ಗುಡಿಸು ಮೇಲೆ ಹೋಗುತ್ತದೆ, ಒತ್ತು ಕೆಳಗಿಳಿಯುತ್ತದೆ, ‘ರಾಷ್ಟ್ರ’ದಂತಹ ಪದದಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಇದರ ಮೇಲೆ, ಚೌಕದಿಂದ ಹೊರಗೆ ಚಾಚಿದ್ದನ್ನು ಮರೆಮಾಡು ಎಂಬ ಆಜ್ಞೆಯೂ ಇದ್ದರೆ ಒತ್ತಿನ ಕಥೆ ಮುಗಿಯಿತು. ಪೇಜ್‌ಮೇಕರಿನಲ್ಲಿ ನೀವು ಲೀಡಿಂಗ್ ಎನ್ನುವುದೇ ಇಲ್ಲಿ ಲೈನ್-ಹೈಟ್, ಅಂದರೆ ಆ ಸಾಲಿನ ಎತ್ತರ. ಟ್ರ್ಯಾಕಿಂಗ್ ಎನ್ನುವುದು ಲೆಟರ್-ಸ್ಪೇಸಿಂಗ್, ಅಂದರೆ ಅಕ್ಷರಗಳ ನಡುವಿನ ಅಂತರ. ಸ್ಟೈಲ್ಸ್ ಪಟ್ಟಿಯಲ್ಲಿ ‘ಹೆಡ್‌ಲೈನ್’ ಎಂದು ಒಮ್ಮೆ ಹೇಳಿಟ್ಟು ಪುಸ್ತಕದುದ್ದಕ್ಕೂ ಬಳಸುತ್ತೀರಲ್ಲ, ಸಿಎಸ್‌ಎಸ್ ಮಾಡುವುದೂ ಅದನ್ನೇ. ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ.

ಇವತ್ತೇ ಒಂದು ಕೆಲಸ ಮಾಡಿ ನೋಡಿ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ಕಿಟಕಿಯನ್ನು ಮೊಬೈಲಿನಷ್ಟು ಕಿರಿದು ಮಾಡಿ. ಆ ಶೀರ್ಷಿಕೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪಟ್ಟಿಯ ಕೊನೆಯಲ್ಲಿರುವ ‘ಇನ್‌ಸ್ಪೆಕ್ಟ್’ ಆರಿಸಿ. ಒಂದು ಕಡೆ ಎಚ್‌ಟಿಎಂಎಲ್, ಅದರ ಪಕ್ಕದಲ್ಲೋ ಕೆಳಗೋ ಸಿಎಸ್‌ಎಸ್ ಕಾಣುತ್ತದೆ. ಅಲ್ಲಿ ಲೈನ್-ಹೈಟ್ ಹುಡುಕಿ, ಅದರ ಅಂಕಿಯ ಮೇಲೆ ಕ್ಲಿಕ್ ಮಾಡಿ 1.6 ಎಂದು ಬರೆಯಿರಿ. ಎಂಟರ್ ಒತ್ತುವ ಮೊದಲೇ ಒತ್ತುಗಳು ಪೂರ್ತಿ ಇಳಿದು ಬರುತ್ತವೆ. ಲೆಟರ್-ಸ್ಪೇಸಿಂಗ್ ಇದ್ದರೆ ಸೊನ್ನೆ ಮಾಡಿ. ಕನ್ನಡದಲ್ಲಿ ಅಕ್ಷರ ಎಳೆದು ಹರಡಿದರೆ ಒತ್ತು ಒಂದು ಕಡೆ, ಅದರ ಒಡೆಯ ಇನ್ನೊಂದು ಕಡೆ. ಹೆದರಬೇಡಿ, ಇದು ನಿಮ್ಮ ಪರದೆಯ ಮೇಲಿನ ಆಟ ಮಾತ್ರ, ಪುಟವನ್ನು ಮತ್ತೆ ತೆರೆದರೆ ಮೊದಲಿನಂತೆಯೇ ಇರುತ್ತದೆ. ಸರಿಯಾದ ಅಂಕಿ ಸಿಕ್ಕ ಮೇಲೆ ಅದನ್ನು ತಂತ್ರಾಂಶದ ‘ಕಸ್ಟಮ್ ಸಿಎಸ್‌ಎಸ್’ ಜಾಗದಲ್ಲಿ ಬರೆಯಿರಿ. ಕೆಲವರು ಆ ಜಾಗವನ್ನು ಹಣ ಕೊಟ್ಟವರಿಗಷ್ಟೇ ತೆರೆಯುತ್ತಾರೆ, ಅದು ಅವರ ಜಾಣತನ.

ನುಡಿಯ ಹಳೆಯ ಕಡತವನ್ನು ಮೊದಲು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರು, ಮೊಬೈಲಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿ. ದಯವಿಟ್ಟು ಕೋರಲ್‌ಡ್ರಾದಲ್ಲಿ ಪುಟ ಕಟ್ಟಿ ಚಿತ್ರವಾಗಿ ಏರಿಸಬೇಡಿ. ಕಣ್ಣು ಕಾಣದವರಿಗೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರಿಗೆ ಅದು ಬರೀ ಚಿತ್ರ, ಊರಿನವರ ಮೊಬೈಲಿನಲ್ಲಿ ಇರುವೆಯ ಸಾಲು.

ಏಲಕ್ಕಿ ತೋಟ:

ಅಚ್ಚುಮೊಳೆ ಸರ್, ನೀವು ಸುಲಭವಾಗಿ ಹೇಳಿದಿರಿ. ಸಕಲೇಶಪುರದ ಹತ್ತಿರ ನಮ್ಮದು ಹೋಂಸ್ಟೇ. ನಮ್ಮ ಜಾಲತಾಣವನ್ನು ಅಂಥದೇ ತಂತ್ರಾಂಶದಲ್ಲಿ ನಾನೇ ಮಾಡಿದ್ದು. ಕೋಣೆಯ ಫೋಟೊ, ಬಾಡಿಗೆ, ದಾರಿ, ವಿಚಾರಣೆಯ ಅರ್ಜಿ, ಎಲ್ಲ ಇದೆ. ಮಳೆಗಾಲದ ದರವನ್ನು ತೋಟದಲ್ಲಿ ನಿಂತೇ ಮೊಬೈಲಿನಿಂದ ಬದಲಿಸುತ್ತೇನೆ. ಕೋಡಿನ ಒಂದು ಸಾಲೂ ನನಗೆ ಗೊತ್ತಿಲ್ಲ, ಅದಕ್ಕಾಗಿ ಯಾವ ಅತಿಥಿಯೂ ವಾಪಸು ಹೋಗಿಲ್ಲ.

ಧಾರಣೆ ದಿನಾ ಬದಲಾಗುತ್ತದೆ. ಮೇಡಂ ಕೋಡ್ ಕಲಿತು ಚಂದದ ಪುಟ ಬರೆದುಕೊಟ್ಟರು ಎಂದುಕೊಳ್ಳಿ. ಮರುದಿನ ರಾಶಿ, ಬೆಟ್ಟೆ ಎಂಬ ಅಡಿಕೆ ವರ್ಗಗಳ ಹೊಸ ದರ ಹಾಕುವವರು ಯಾರು? ಸಂಘದ ಗುಮಾಸ್ತರು ಎಚ್‌ಟಿಎಂಎಲ್ ಕಡತ ತೆರೆದು ಅಂಕಿ ತಿದ್ದಬೇಕೇ? ದಿನಾ ಸಂಜೆ ಮೇಡಂ ಅಂಗಡಿಗೆ ಫೋನು ಬರುತ್ತದೆ, ನೋಡುತ್ತಿರಿ.

ಅಚ್ಚುಮೊಳೆ:

ಒಪ್ಪಿದೆ, ಗುಮಾಸ್ತರ ವಿಷಯ ನಾನು ಎತ್ತಿರಲಿಲ್ಲ. ಅವರಿಗೆ ಬೇಕಾದದ್ದು ಅಂಕಿ ತುಂಬುವ ನಾಲ್ಕು ಖಾನೆ, ಒಂದು ಗುಂಡಿ. ಅದಕ್ಕೆ ಜಾಲತಾಣ ನಿರ್ವಹಿಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಸಾಕು. ನಾನು ಕಲಿಯಿರಿ ಎನ್ನುವುದು ಇಡೀ ತಾಣವನ್ನು ಕೈಯಲ್ಲಿ ಬರೆಯುವುದಕ್ಕಲ್ಲ, ತಂತ್ರಾಂಶ ಕೈಕೊಟ್ಟ ಕಡೆ ಒಳಗಿಳಿದು ತಿದ್ದುವಷ್ಟು.

ಆದರೆ ನಿಮ್ಮ ಮಾತಿಗೆ ಒಂದು ತಕರಾರು. ಅಡೋಬಿ ಕಂಪನಿಯವರು ಜಾಲತಾಣ ಕಟ್ಟಲು ಮ್ಯೂಸ್ ಎಂಬ ತಂತ್ರಾಂಶ ತಂದಿದ್ದರು. ನಮ್ಮಂತಹ ಮುದ್ರಣದ ಕಡೆಯವರಿಗೆ ಹೇಳಿ ಮಾಡಿಸಿದ ಹಾಗಿತ್ತು, ಕೋಡ್ ಬರೆಯುವ ಗೊಡವೆಯೇ ಬೇಡ ಎನ್ನುತ್ತಿದ್ದರು. 2018ರಲ್ಲಿ ಅದರ ಬೆಳವಣಿಗೆ ನಿಲ್ಲಿಸುವುದಾಗಿ ಹೇಳಿದರು, 2020ರ ಮಾರ್ಚಿಗೆ ಬೆಂಬಲವೂ ಮುಗಿಯಿತು. ಮೈಕ್ರೋಸಾಫ್ಟಿನ ಅಂಥದೇ ತಂತ್ರಾಂಶ ಫ್ರಂಟ್‌ಪೇಜ್ 2003ರ ಆವೃತ್ತಿಗೇ ನಿಂತಿತು. ಎಳೆದು ಕೂರಿಸುವ ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಎತ್ತಿಕೊಂಡು ಬೇರೆ ಕಡೆ ಇಡಲು ಬರುವುದಿಲ್ಲ. ಇತ್ತ ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1990ರ ದಶಕದ ಆರಂಭದಲ್ಲಿ ಎಚ್‌ಟಿಎಂಎಲ್‌ನಲ್ಲಿ ಬರೆದ ಪುಟಗಳ ಪ್ರತಿಯನ್ನು ಸರ್ನ್ ಸಂಶೋಧನಾ ಸಂಸ್ಥೆ ಈಗಲೂ ಇಟ್ಟಿದೆ, ಇವತ್ತಿನ ಮೊಬೈಲಿನಲ್ಲೂ ಅವು ತೆರೆದುಕೊಳ್ಳುತ್ತವೆ. ಹೋಂಸ್ಟೇಗೆ ಹೊಸ ತಾಣ ಮತ್ತೆ ಕಟ್ಟಬಹುದು. ಸಂಘದ ವರ್ಷಾನುಗಟ್ಟಲೆ ಧಾರಣೆಯ ಲೆಕ್ಕವನ್ನು ಮತ್ತೆ ಬೆರಳಚ್ಚು ಮಾಡುವವರು ಯಾರು?

ಮೇಡಂ, ಮಗ ಹೇಳುವುದು ಅರ್ಧ ಸರಿ. ಎಐ ಕೋಡ್ ಬರೆದುಕೊಡುತ್ತದೆ, ಚೆನ್ನಾಗಿಯೇ. ಆದರೆ ‘ಒತ್ತು ಕತ್ತರಿಸುತ್ತಿದೆ, ಲೈನ್-ಹೈಟ್ ನೋಡು’ ಎಂದು ಕೇಳಲು ನಿಮಗೆ ತಿಳಿದಿರಬೇಕು. ಅದು ಕೊಟ್ಟದ್ದನ್ನು ಎಲ್ಲಿ ಅಂಟಿಸಬೇಕು ಎಂಬುದೂ ತಿಳಿದಿರಬೇಕು. ಇನ್ನೊಂದು ಮಾತು: ತಾಣದ ಹೆಸರನ್ನು, ಅಂದರೆ ಡೊಮೈನನ್ನು, ಸಂಘದ ಹೆಸರಿನಲ್ಲೇ ಕೊಳ್ಳಿಸಿ, ನಿಮ್ಮ ಹೆಸರಿನಲ್ಲಿ ಬೇಡ. ಆಡಳಿತ ಮಂಡಳಿ ಬದಲಾದ ದಿನ ನಿಮಗೇ ನೆಮ್ಮದಿ.

ತುಂಗಾತೀರ:

ಲೈನ್-ಹೈಟ್ 1.6 ಮಾಡಿದೆ, ಒತ್ತುಗಳು ಬಂದವು! ಇದೇ ಲೀಡಿಂಗ್ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಅಧ್ಯಕ್ಷರ ಮುಂದೆ ಅಷ್ಟು ಹೊತ್ತು ಒದ್ದಾಡಬೇಕಿರಲಿಲ್ಲ. ಮಗನಿಗೆ ತೋರಿಸಿದೆ, ‘ಓ’ ಎಂದು ಊಟಕ್ಕೆ ಹೋದ. ಏಲಕ್ಕಿ ತೋಟದವರೇ, ಗುಮಾಸ್ತರ ವಿಷಯ ನೂರಕ್ಕೆ ನೂರು ಸರಿ. ನಮ್ಮವರು ವಾಟ್ಸಾಪಿನಲ್ಲಿ ದರ ಕಳಿಸುವುದೇ ರಾತ್ರಿ ಎಂಟಕ್ಕೆ. ವರ್ಡ್‌ಪ್ರೆಸ್ ನೋಡುತ್ತೇನೆ.

ಧಾರಣೆಯ ಪಟ್ಟಿ ಮಾತ್ರ ಇನ್ನೂ ಹಟ ಹಿಡಿದಿದೆ. ವರ್ಗ, ಆವಕ (ಬಂದ ಮಾಲು), ಕನಿಷ್ಠ, ಗರಿಷ್ಠ, ಮಾದರಿ ದರ ಎಂದು ಐದು ಕಂಬಸಾಲು. ಮೊಬೈಲಿನಲ್ಲಿ ಬಲಗಡೆಯ ಎರಡು ಪರದೆಯಾಚೆ ಹೋಗುತ್ತವೆ, ಇಡೀ ಪುಟವೇ ಅಡ್ಡಡ್ಡ ಜಾರುತ್ತದೆ.

ಅಚ್ಚುಮೊಳೆ:

ಪಟ್ಟಿಯ ಸುತ್ತ ಒಂದು ಡಿವ್, ಅಂದರೆ ಎಚ್‌ಟಿಎಂಎಲ್‌ನ ಚೌಕ, ಹಾಕಿ, ಅದಕ್ಕೆ ‘ಓವರ್‌ಫ್ಲೋ-ಎಕ್ಸ್’ ಎಂಬುದನ್ನು ‘ಆಟೊ’ ಎಂದು ಕೊಡಿ. ಆಗ ಪಟ್ಟಿ ಮಾತ್ರ ಜಾರುತ್ತದೆ, ಪುಟ ನಿಂತಲ್ಲೇ ನಿಲ್ಲುತ್ತದೆ. ಅದಕ್ಕಿಂತ ಒಳ್ಳೆಯದು ಮೊಬೈಲಿಗೆ ಆವಕದ ಕಂಬಸಾಲನ್ನು ಅಡಗಿಸುವುದು, ಕೃಷಿಕರು ಮೊದಲು ನೋಡುವುದು ದರವನ್ನು. ಪರದೆಯ ಅಗಲ ನೋಡಿ ರೂಪ ಬದಲಿಸುವ ಸಿಎಸ್‌ಎಸ್ ಆಜ್ಞೆ ಅದಕ್ಕಿದೆ, ಮೀಡಿಯಾ ಕ್ವೆರಿ ಎಂದು ಹುಡುಕಿ, ನಾಲ್ಕೈದು ಸಾಲಿನ ಕೆಲಸ. ಸಿಕ್ಕಿಹಾಕಿಕೊಂಡರೆ ಪಟ್ಟಿಯ ಎಚ್‌ಟಿಎಂಎಲ್ ಭಾಗವನ್ನು ಇಲ್ಲೇ ಅಂಟಿಸಿ, ನಾಳೆ ಸಂಜೆ ನೋಡುತ್ತೇನೆ.

ಏಲಕ್ಕಿ ತೋಟ:

ಅಚ್ಚುಮೊಳೆ ಸರ್, ನಮ್ಮ ತಾಣದ ‘ಚಿತ್ರಗಳು’ ಶೀರ್ಷಿಕೆಯಲ್ಲೂ ರ ಒತ್ತು ಅರ್ಧ ಇಲ್ಲ, ಈಗ ನೋಡಿದೆ. ಆ ಕಸ್ಟಮ್ ಸಿಎಸ್‌ಎಸ್ ಎನ್ನುವುದು ಮೊಬೈಲಿನಿಂದ ತೆರೆಯುತ್ತದೆಯೇ?