ಪದವಿಚಾರ: ಗರ್ಭಿಣಿಯರು, ‘ನಿರೋಧಕ’ ಔಷಧ ಮತ್ತು ‘ನಿಗಾ’

ಮಾನ್ಯರೇ,

ಎಚ್‌ಐವಿ ತಗಲದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಔಷಧಗಳನ್ನು ಗರ್ಭಿಣಿಯರು ಬಳಸಿದಾಗ ತಾಯಿಗೂ ಮಗುವಿಗೂ ಏನಾಗುತ್ತದೆ ಎಂಬುದನ್ನು ಹೆರಿಗೆಯ ನಂತರವೂ ಗಮನಿಸಿ ದಾಖಲಿಸುವ ಕೆಲಸದ ಬಗ್ಗೆ ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಟಿಪ್ಪಣಿ ಬರೆಯುತ್ತಿದ್ದೇನೆ. ಮೂರು ಪದಗಳು ಕೈಕೊಡುತ್ತಿವೆ.

ಮೊದಲನೆಯದು ‘ನಿರೋಧಕ’. ‘ಗರ್ಭಿಣಿಯರಿಗೆ ಎಚ್‌ಐವಿ ನಿರೋಧಕ ಮಾತ್ರೆ’ ಎಂಬ ಸಾಲನ್ನು ಓದಿದ ಆಶಾ ಕಾರ್ಯಕರ್ತೆಯೊಬ್ಬರು, ‘ಗರ್ಭ ನಿಂತ ಮೇಲೆ ನಿರೋಧಕ ಮಾತ್ರೆ ಯಾಕೆ ಮೇಡಂ?’ ಎಂದು ಕೇಳಿದರು. ಸರ್ಕಾರಿ ಕಾಂಡೋಮಿಗೆ 1968ರಿಂದ ‘ನಿರೋಧ್’ ಎಂಬ ಹೆಸರಿರುವಾಗ ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ವೈರಸ್ ಔಷಧಕ್ಕೆ ಬಗ್ಗದಿರುವುದನ್ನೂ ‘ನಿರೋಧಕತೆ’ ಎನ್ನುವವರಿದ್ದಾರೆ. ಅಲ್ಲಿಗೆ ಒಂದೇ ಪದ ಔಷಧದ ಗುಣವೂ ಆಯಿತು, ಅದರ ಸೋಲೂ ಆಯಿತು. ನಾನು ‘ಎಚ್‌ಐವಿ ತಡೆ ಔಷಧ’ ಎಂದು ಬದಲಿಸಿದ್ದೇನೆ.

ಎರಡನೆಯದೇ ಹೆಚ್ಚು ತೊಡಕಿನದು. ‘ಔಷಧದ ಸುರಕ್ಷತೆಯ ಮೇಲ್ವಿಚಾರಣೆ’ ಎಂದರೆ ಔಷಧವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಂತೆ ಕೇಳಿಸುತ್ತದೆ. ‘ಕಣ್ಗಾವಲು’ ಎಂದರೆ ಸಂದೇಹ ಹೆಣ್ಣಿನ ಮೇಲೆಯೇ ಬೀಳುತ್ತದೆ. ‘ತೀವ್ರ ನಿಗಾ ಘಟಕ’ದಿಂದಾಗಿ ಆಸ್ಪತ್ರೆಯಲ್ಲಿ ಬಳಕೆಗೆ ಬಂದಿರುವ ‘ನಿಗಾ’ದಲ್ಲಿ ಆರೈಕೆಯ ಧ್ವನಿಯಿದೆ ಎಂಬುದು ನನ್ನ ಅನಿಸಿಕೆ. ಆದರೆ ‘ಗರ್ಭಾವಸ್ಥೆಯಲ್ಲಿ ನಿಗಾ’ ಎಂದರೂ ಅರ್ಥ ಪೂರ್ಣವಾಗುವುದಿಲ್ಲ: ಎಚ್‌ಐವಿ ತಡೆಗೆಂದು ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಚುಚ್ಚುಮದ್ದಿನ ಅಂಶ ಕೊನೆಯ ಡೋಸಿನ ನಂತರ ಒಂದು ವರ್ಷದವರೆಗೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ, ದೇಹದಲ್ಲಿ ಉಳಿಯುವುದರಿಂದ, ಔಷಧ ನಿಲ್ಲಿಸಿ ತಿಂಗಳುಗಳ ಮೇಲೆ ಬಸಿರಾದವಳೂ ಈ ಲೆಕ್ಕಕ್ಕೆ ಸೇರುತ್ತಾಳೆ. ಆದ್ದರಿಂದ ‘ಬಸಿರು–ಬಾಣಂತನದ ಔಷಧ ನಿಗಾ’ ಎಂದು ಬರೆದಿದ್ದೇನೆ; ಕಿವಿಗೆ ಸ್ವಲ್ಪ ಉದ್ದವಾಯಿತು.

ಮೂರನೆಯದು, ಅಪಾಯವಿರಬಹುದೆಂದು ಅಂಕಿಗಳು ಮೊದಲು ಸೂಚಿಸುವುದಕ್ಕೆ ಹೆಸರು. ಬೋಟ್ಸ್ವಾನಾದ ಸೆಪಾಮೊ ಅಧ್ಯಯನದಲ್ಲಿ 2018ರಲ್ಲಿ, ಗರ್ಭ ನಿಲ್ಲುವಾಗಲೇ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧ ಸೇವಿಸುತ್ತಿದ್ದವರ 426 ಹೆರಿಗೆಗಳಲ್ಲಿ 4 ಶಿಶುಗಳಿಗೆ ನರನಾಳದ ದೋಷ (ಮಿದುಳು, ಬೆನ್ನುಹುರಿ ಸರಿಯಾಗಿ ರೂಪುಗೊಳ್ಳದಿರುವುದು) ಕಂಡಿತು; ಬೇರೆ ಎಚ್‌ಐವಿ ಔಷಧ ಸೇವಿಸುತ್ತಿದ್ದವರಿಗಿಂತ ಈ ಪ್ರಮಾಣ ಹೆಚ್ಚು. ಮುಂದೆ ಸಾವಿರಾರು ಹೆರಿಗೆಗಳ ಲೆಕ್ಕ ಸೇರಿದಾಗ ಆ ವ್ಯತ್ಯಾಸ ಕರಗಿಹೋಯಿತು. ಅಲ್ಲಿ ಡೊಲುಟೆಗ್ರಾವಿರ್ ಬಳಸಿದ್ದು ತಡೆಗಲ್ಲ, ಚಿಕಿತ್ಸೆಗೆ. ಆದರೆ ಕ್ಯಾಬೊಟೆಗ್ರಾವಿರ್ ಅದೇ ವರ್ಗಕ್ಕೆ ಸೇರಿದ್ದು. ಇಂಥದ್ದನ್ನು ‘ಎಚ್ಚರಿಕೆ’ ಎಂದರೆ ತೀರ್ಪು ಕೊಟ್ಟಂತೆ, ‘ಸಂಕೇತ’ ಎಂದರೆ ಏನೂ ಹೇಳದಂತೆ. ‘ಸುಳಿವು’ ಸರಿಯೆನಿಸಿದರೂ ಪತ್ತೇದಾರಿ ಕಾದಂಬರಿಯ ವಾಸನೆ ಬಿಡದು.

‘ಸುಳಿವಿ’ಗಿಂತ ಹದವಾದ, ನಿಜವಾಗದೆಯೂ ಹೋಗಬಹುದೆಂಬ ಅರ್ಥವನ್ನು ಒಳಗೊಂಡ ಪದ ನಿಮ್ಮ ಬಳಕೆಯಲ್ಲಿದ್ದರೆ, ಯಾವ ಕಡೆಯ ಮಾತೆಂಬುದರೊಂದಿಗೆ ದಯವಿಟ್ಟು ತಿಳಿಸಿ.