ಅಪ್‌ಡೇಟ್: ಡಿ2 ಪಂಚ್‌ಗಳು ಮುರಿಯುತ್ತಿದ್ದ ಬಗ್ಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಡಿ2 ಎಂಬ ಗಡಸು ಟೂಲ್ ಉಕ್ಕಿನ ಪಂಚ್‌ಗಳು (ಪ್ರೆಸ್ಸಿನಲ್ಲಿ ಲೋಹವನ್ನು ಒತ್ತಿ ತೂತು ಅಥವಾ ಆಕಾರ ಕೊಡುವ ಉಪಕರಣಗಳು) ತಲೆಯ ಕೆಳಗಿನ ತಿರುವಿನಲ್ಲಿ ಪದೇ ಪದೇ ಮುರಿಯುತ್ತಿವೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆನಲ್ಲ, ಅದರ ಫಲಿತಾಂಶ ತಿಳಿಸುತ್ತಿದ್ದೇನೆ. ಗಡಸುತನವನ್ನು 62 ಎಚ್‌ಆರ್‌ಸಿಗೆ (ರಾಕ್‌ವೆಲ್ ಗಡಸುತನದ ಅಳತೆ) ಏರಿಸುವ ಸಲಹೆ ಫಲಿಸಲಿಲ್ಲ. ಉಕ್ಕು ಗಡಸಾದಷ್ಟೂ ಸಣ್ಣ ಗೀರು ಕೂಡ ಅದಕ್ಕೆ ಮುಳುವಾಗುತ್ತದೆ. ಕೆಲಸಕ್ಕೆ ಬಂದದ್ದು, ಅಡ್ಡಲಾಗಿ ಬಿದ್ದಿದ್ದ ಗ್ರೈಂಡಿಂಗ್ ಗೆರೆಗಳು ಪೂರ್ತಿ ಅಳಿಯುವವರೆಗೆ ಡೈಮಂಡ್ ಪೇಸ್ಟ್‌ನಿಂದ ಪಂಚಿನ ಉದ್ದಕ್ಕೇ ಪಾಲಿಶ್ ಮಾಡಿರಿ ಎಂದು ಇಲ್ಲಿನ ಹಿರಿಯರೊಬ್ಬರು ಕೊಟ್ಟ ಸಲಹೆ. ಬಾಳಿಕೆ ಸ್ಪಷ್ಟವಾಗಿ ಹೆಚ್ಚಿತು. ಅಚ್ಚರಿಯೆಂದರೆ, ಪಾಲಿಶ್ ಮಾಡಿದವುಗಳಲ್ಲಿ ಒಂದು ಮುರಿದಾಗ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಿರುಕು ಮೇಲ್ಮೈಯಿಂದಲ್ಲ, ಒಳಗೆ ಸಿಲುಕಿದ್ದ ಆಕ್ಸೈಡ್ ಕಣದಿಂದ ಹೊರಟು, ಸುತ್ತಲೂ ಮೀನಿನ ಕಣ್ಣಿನಂಥ ಗುರುತು ಮೂಡಿಸಿತ್ತು. ಹಾಗಾಗಿ ಮುಂದಿನ ಸರಕಿಗೆ ಇಎಸ್‌ಆರ್ (ಎಲೆಕ್ಟ್ರೋ-ಸ್ಲ್ಯಾಗ್ ರೀಮೆಲ್ಟಿಂಗ್) ವಿಧಾನದಲ್ಲಿ ಮರುಕರಗಿಸಿದ, ಕಲ್ಮಶ ಕಡಿಮೆಯಿರುವ ಉಕ್ಕನ್ನು ಕೇಳಿದ್ದೇವೆ. ಬೆಲೆ ಹೆಚ್ಚು, ಆದ್ದರಿಂದ ಪಾಲಿಶ್ ಮಾಡಿ ನೋಡುವ ಮೊದಲೇ ಅದಕ್ಕೆ ದುಡ್ಡು ಹಾಕಬೇಡಿ.