ಲ್ಯಾಂಥನಮ್ ಜಾಸ್ತಿ ಹಾಕಿದರೆ ಮೀಥೇನ್ ಯಾಕೆ ಕಮ್ಮಿ?

ಮತ್ತಿಕೆರೆ ಹುಡುಗಿ:
ಪಿಎಚ್‌ಡಿ ಎರಡನೇ ವರ್ಷ. ಸೀರಿಯಮ್ ಆಕ್ಸೈಡ್‌ಗೆ ಲ್ಯಾಂಥನಮ್ ಡೋಪ್ ಮಾಡಿ (ಕೆಲವು ಸೀರಿಯಮ್ ಜಾಗಕ್ಕೆ ಅದನ್ನು ಸೇರಿಸಿ) 5, 10, 20 ಶೇಕಡಾದ ಮೂರು ಸ್ಯಾಂಪಲ್ ಮಾಡಿದೆ. ಮೇಲೆ ನಿಕಲ್ ಕೂರಿಸಿ, ಮೀಥೇನ್ ಮಾಡಲು 300 ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಹರಿಸುತ್ತೇನೆ. ಟಿಪಿಡಿ (ಅಂಟಿದ ಅನಿಲ ಕಾಯಿಸಿದಾಗ ಎಷ್ಟು ಡಿಗ್ರಿಗೆ ಎಷ್ಟು ಬಿಡುತ್ತದೆ ಅಂತ ನೋಡುವ ಪರೀಕ್ಷೆ) ಪ್ರಕಾರ 20ರ ಸ್ಯಾಂಪಲ್‌ಗೇ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಅಂಟುತ್ತದೆ. ಮೀಥೇನ್ ಮಾತ್ರ ಅದರಲ್ಲೇ ಕಮ್ಮಿ! ಲ್ಯಾಂಥನಮ್‌ನಿಂದ ಆಕ್ಸಿಜನ್ ವೇಕೆನ್ಸಿ (ಆಕ್ಸಿಜನ್ ಇಲ್ಲದ ಖಾಲಿ ಜಾಗ) ಹೆಚ್ಚಿದರೆ ಒಳ್ಳೆಯದೇ ಅಲ್ವಾ? ಮೂರು ಸಲ ಮಾಡಿದೆ, ಅದೇ ಕಥೆ.

ಪೀಣ್ಯದವ:
ನಿಕಲ್ ಕಣಗಳ ಗಾತ್ರ ಮೂರರಲ್ಲೂ ಒಂದೇನಾ? ಮೊದಲು ಅದನ್ನು ನೋಡಿ.

ಹಳೇ ಫರ್ನೇಸ್:
ಅದೂ ಸರಿ. ಆದರೆ ನೋಡಮ್ಮ, ವೇಕೆನ್ಸಿಯಲ್ಲಿ ಎರಡು ಜಾತಿ. ಸೀರಿಯಮ್ ಚಾರ್ಜ್ ನಾಲ್ಕು ಪ್ಲಸ್, ಲ್ಯಾಂಥನಮ್‌ದು ಮೂರು. ಎರಡು ಲ್ಯಾಂಥನಮ್ ಬಂದರೆ ಲೆಕ್ಕ ಸರಿಹೋಗಲು ಒಂದು ಆಕ್ಸಿಜನ್ ಜಾಗ ಖಾಲಿ. ಅಲ್ಲಿ ಎಲೆಕ್ಟ್ರಾನ್ ಉಳಿದಿರುವುದಿಲ್ಲ. ಹೈಡ್ರೋಜನ್ ಆಕ್ಸಿಜನ್ನನ್ನು ಕಿತ್ತುಕೊಂಡು ಹೋದರೆ ಮಾತ್ರ ಎರಡು ಎಲೆಕ್ಟ್ರಾನ್ ಉಳಿದು, ಸೀರಿಯಮ್ ಮೂರು ಪ್ಲಸ್‌ಗೆ ಇಳಿಯುತ್ತದೆ. ಕೋಲಿನಂತೆ ನೆಟ್ಟಗಿರುವ ಕಾರ್ಬನ್ ಡೈಆಕ್ಸೈಡ್‌ಗೆ ಎಲೆಕ್ಟ್ರಾನ್ ಕೊಟ್ಟು ಬಗ್ಗಿಸುವುದು ಈ ಎರಡನೇ ಜಾತಿ.

ಲ್ಯಾಂಥನಮ್ ಹೆಚ್ಚಿದರೆ ಮೇಲ್ಮೈ ಕ್ಷಾರವೂ ಆಗುತ್ತದೆ. ಅನಿಲ ಕಾರ್ಬೊನೇಟ್ ಆಗಿ ಗಟ್ಟಿಯಾಗಿ ಕೂರುತ್ತದೆ. ಆಕಾರ ಬಗ್ಗಿತು, ಆದರೆ ಕಾರ್ಬನ್ ಇನ್ನೂ ನಾಲ್ಕು ಪ್ಲಸ್ಸೇ, ಎಲೆಕ್ಟ್ರಾನ್ ಸಿಕ್ಕಿಲ್ಲ! ದರ್ಶಿನಿಗೆ ಕುರ್ಚಿ ಹಾಕಿದ ಹಾಗೆ. ಜನ ತುಂಬಿರುತ್ತಾರೆ, ಯಾರೂ ಏಳುವುದಿಲ್ಲ, ಗಲ್ಲಾಪೆಟ್ಟಿಗೆ ಖಾಲಿ. ಟಿಪಿಡಿ ಪೀಕ್ ಎಷ್ಟು ದೊಡ್ಡದು ಅಂತ ಬಿಡು, ಎಷ್ಟು ಡಿಗ್ರಿಯಲ್ಲಿದೆ ಹೇಳು.

ಮತ್ತಿಕೆರೆ ಹುಡುಗಿ:
5ರದ್ದು 150ರ ಸುತ್ತ ಸರ್. 20ರಲ್ಲಿ ದೊಡ್ಡದು 500ರ ಹತ್ತಿರ.

ಹಳೇ ಫರ್ನೇಸ್:
ನಿನ್ನ ರಿಯಾಕ್ಟರ್ 300ರಲ್ಲಿ. ಅವು ಅಲ್ಲಿ ಸುಲಭಕ್ಕೆ ಏಳುವ ಗಿರಾಕಿಗಳಲ್ಲ. ಇನ್ನೊಂದು, ಟಿಪಿಡಿಗೆ ಮುಂಚೆ ಸ್ಯಾಂಪಲ್ ಶುಚಿ ಮಾಡಲು ಎಷ್ಟಕ್ಕೆ ಕಾಯಿಸಿದ್ದೆ?

ಮತ್ತಿಕೆರೆ ಹುಡುಗಿ:
300.

ಹಳೇ ಫರ್ನೇಸ್:
ಅಯ್ಯೋ. ಲ್ಯಾಂಥನಮ್ ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಸುಮ್ನೆ ಹೀರುತ್ತದೆ. 500ರಲ್ಲಿ ಏಳುವಂಥದ್ದು 300ಕ್ಕೆ ಪೂರ್ತಿ ಹೋಗಿರುವುದಿಲ್ಲ. ಒಮ್ಮೆ ಗಣೇಶನ ಹಬ್ಬದ ರಜೆಗೆ ನಾನು ಸ್ಯಾಂಪಲನ್ನು ಮುಚ್ಚದೆ ಹೋಗಿದ್ದೆ. ಹೊರಗೆ ಜಡಿಮಳೆ. ಬಂದು ಐಆರ್ (ಮೇಲ್ಮೈ ಮೇಲೆ ಏನು ಕೂತಿದೆ ಅಂತ ತೋರಿಸುವ ಇನ್‌ಫ್ರಾರೆಡ್ ಪರೀಕ್ಷೆ) ತೆಗೆದರೆ ಅನಿಲ ಬಿಡುವ ಮೊದಲೇ ಕಾರ್ಬೊನೇಟ್! ಅದನ್ನೇ ದೊಡ್ಡ ಶೋಧ ಅಂತ ಅರ್ಧ ಪುಟ ಬರೆದಿದ್ದೆ. ನಿನ್ನ ಪೀಕ್‌ನಲ್ಲೂ ಮತ್ತಿಕೆರೆ ಗಾಳಿಯ ಪಾಲಿರಬಹುದು. ಕಾರ್ಬನ್ ಡೈಆಕ್ಸೈಡ್ ಬಿಡದೆ, ಬರೀ ಹೀಲಿಯಮ್‌ನಲ್ಲಿ ಒಂದು ಸಲ ಓಡಿಸು.

ಮತ್ತಿಕೆರೆ ಹುಡುಗಿ:
ಓಡಿಸಿದೆ ಸರ್. 500ರಲ್ಲಿ ಪೀಕ್ ಬಂತು. ಮೊದಲಿನದರ ಅರ್ಧದಷ್ಟು. ಗೈಡ್‌ಗೆ ಹೇಗೆ ಹೇಳುವುದೋ.